ಗಾಳಿ ತೆಗೆದ ಬುತ್ತಿ

ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಹುಟ್ಟಿ ಬೆಳೆದ ಹಿರಿಯರಿಗೆ ಹಗೇವು ಎಂದರೆ ಏನೆಂದು ಹೇಳಬೇಕಾಗಿಲ್ಲ. ಹೇಳಬೇಕಾದದ್ದು ಅವರ ಮೊಮ್ಮಕ್ಕಳಿಗೆ. ಗಟ್ಟಿ ನೆಲವನ್ನು ನೋಡಿ, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿ ಹೂಜಿಯ ಆಕಾರದಲ್ಲಿ ತೋಡಿದ ಗುಂಡಿ ಅದು. ಒಳಗೆ ಒಣಹುಲ್ಲು ಹಾಸಿ, ರಾಗಿಯನ್ನು ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಟ್ಟರೆ ರಾಗಿ ವರ್ಷಗಟ್ಟಲೆ ಹುಳು ಹಿಡಿಯದೆ ಇರುತ್ತಿತ್ತು. ಆದರೆ ಹಗೇವಿನ ಬಾಯಿ ತೆರೆದ ಕೂಡಲೆ ತಿಳಿದವರು ಯಾರೂ ಒಳಕ್ಕೆ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಹಗ್ಗ ಕಟ್ಟಿ ದೀಪವನ್ನು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇಳಿಯಕೂಡದು. ಈ ಎಚ್ಚರವನ್ನು ಮರೆತು ಇಳಿದು ಪ್ರಾಣವನ್ನೇ ಕಳೆದುಕೊಂಡವರುಂಟು.

ಇದರ ಗುಟ್ಟೇನು? ರಾಗಿಯ ಕಾಳೂ ಜೀವವುಳ್ಳದ್ದು, ಉಸಿರಾಡುವಂಥದ್ದು. ಅದರೊಡನೆ ಸೇರಿಕೊಂಡ ಹುಳುವೂ ಉಸಿರಾಡುತ್ತದೆ. ಮುಚ್ಚಿದ ಗುಂಡಿಯೊಳಗಿನ ಆಮ್ಲಜನಕವೆಲ್ಲ ಹೀಗೆ ಕ್ರಮೇಣ ತೀರಿ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಆಗ ಹುಳು ಸಾಯುತ್ತದೆ, ರಾಗಿ ಉಳಿಯುತ್ತದೆ. ಆದರೆ ರಾಗಿಯನ್ನು ಕಾಪಾಡಿದ ಆ ಸ್ಥಿತಿಯೇ ಒಳಗಿಳಿದ ಮನುಷ್ಯನಿಗೆ ಮೃತ್ಯುವಾಗುತ್ತದೆ. ಈ ಎರಡು ಮಾತುಗಳನ್ನೂ ಒಟ್ಟಿಗೇ ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಓದುಗರಲ್ಲಿ ಪ್ರಾರ್ಥನೆ. ಈಗ ನಾನು ಹೇಳಹೊರಟಿರುವುದು ಅಡಿಗೆಮನೆಯ ಹಗೇವಿನ ವಿಷಯ. ಅಂಗಡಿಯವರು ವ್ಯಾಕ್ಯೂಮ್ ಸೀಲರ್ ಎಂದು ಕರೆಯುವ ಯಂತ್ರದ ವಿಷಯ.

ಕನ್ನಡ ಪಂಡಿತನಿಗೆ ಯಂತ್ರದ ಗೊಡವೆ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ. ನಮ್ಮ ಮಗಳು ಕೆಲಸದ ನಿಮಿತ್ತ ದೆಹಲಿಯಲ್ಲಿದ್ದಾಳೆ. ಅವಳಿಗೆಂದು ಮನೆಯವರು ಮಾಡಿ ಕಳುಹಿಸುತ್ತಿದ್ದ ಚಟ್ನಿಪುಡಿ, ಕೊಬ್ಬರಿ ಸೇರಿಸಿದ ಹುಳಿಪುಡಿಗಳು ಎರಡು ತಿಂಗಳಿಗೆ ಕಮಟು ಹತ್ತುತ್ತಿದ್ದುವು. ಯಾರೋ ಹೇಳಿದರೆಂದು ಒಂದು ಸೀಲರನ್ನು ತರಿಸಿದೆವು. ಪುಡಿಗಳು ಚೆನ್ನಾಗಿಯೇ ಉಳಿದುವು. ಅದರಿಂದ ಧೈರ್ಯ ಬಂದು, ಮುಂದಿನ ಬಾರಿ ಅವಳು ಊರಿಗೆ ಬಂದು ಹೊರಟಾಗ, ಮನೆಯವರು ಬಿಸಿಬೇಳೆ ಹುಳಿಯನ್ನವನ್ನು ಮಾಡಿ, ಆರಿಸಿ, ಗಾಳಿ ತೆಗೆದು, ಎರಡು ಚೀಲ ಕಟ್ಟಿಕೊಟ್ಟರು. ಒಂದು ದಾರಿಗೆ, ಇನ್ನೊಂದು ಮನೆ ತಲಪಿದ ಮೇಲೆ. ಅಂಗಡಿಯಲ್ಲಿ ಕೊಳ್ಳುವ ಸಿದ್ಧ ಉಪ್ಪಿಟ್ಟಿನ ಚೀಲ ತಿಂಗಳುಗಟ್ಟಲೆ ಹೊರಗೇ ಇರುವುದಿಲ್ಲವೇ, ಎರಡು ದಿನಕ್ಕೇನು ಎಂಬುದು ನಮ್ಮ ತರ್ಕ.

ಮೂರನೆಯ ದಿನ ಅವಳಿಂದ ದೂರವಾಣಿ ಬಂತು. “ಅಪ್ಪಾ, ದಾರಿಗೆ ಕೊಟ್ಟದ್ದನ್ನು ಮೊದಲ ಮಧ್ಯಾಹ್ನವೇ ತಿಂದೆ. ಇನ್ನೊಂದು ಚೀಲ ಪೂರಿಯ ಹಾಗೆ ಉಬ್ಬಿಕೊಂಡಿದೆ. ವಾಸನೆ ಏನೂ ಇಲ್ಲ. ಅಮ್ಮ ಅಷ್ಟು ಕಷ್ಟಪಟ್ಟು ಮಾಡಿದ್ದು. ಬಿಸಿ ಮಾಡಿಕೊಂಡು ತಿನ್ನಲೇ?” ದೈವವಶಾತ್ ಆ ಹೊತ್ತಿಗೆ ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಮನೆಗೆ ಬಂದಿದ್ದರು. ನಾನು ಬಾಯಿ ತೆರೆಯುವುದಕ್ಕೆ ಮುಂಚೆಯೇ, “ಪಂಡಿತರೇ, ಚೀಲ ಬಿಚ್ಚಲೂ ಬೇಡ, ರುಚಿ ನೋಡಲೂ ಬೇಡ, ಹಾಗೆಯೇ ಸುತ್ತಿ ಬಿಸಾಡುವುದಕ್ಕೆ ಹೇಳಿ” ಎಂದರು. ಮಗಳು ಹಾಗೆಯೇ ಮಾಡಿದಳು. ಆಮೇಲೆ ಮೇಷ್ಟ್ರು ಕುಳಿತು ವಿವರಿಸಿದಾಗ ಮನೆಯವರು ಬಹಳ ಹೊತ್ತು ಮಾತನಾಡಲಿಲ್ಲ. ಅಂದು ತಿಳಿದದ್ದನ್ನೂ, ಆಮೇಲೆ ಓದಿ, ಕೇಳಿ, ಮಾಡಿ ನೋಡಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಯಂತ್ರ ಮಾಡುವುದೇನು ಎಂಬುದನ್ನು ನೋಡೋಣ. ನಿರ್ವಾತವೆಂದರೆ ವಾತವಿಲ್ಲದ್ದು, ಗಾಳಿಯಿಲ್ಲದ್ದು ಎಂದರ್ಥ. ಆದರೆ ಮನೆಯ ಯಂತ್ರ ಪದದ ಅರ್ಥವನ್ನು ಪೂರ್ತಿಯಾಗಿ ನಡೆಸಿಕೊಡುವುದಿಲ್ಲ. ಚೀಲದ ಬಾಯನ್ನು ಅದರ ತುಟಿಗಳ ನಡುವೆ ಇಟ್ಟು ಮುಚ್ಚಳ ಒತ್ತಿದರೆ ಒಳಗಿನ ಪುಟ್ಟ ಪಂಪು ಗಾಳಿಯನ್ನು ಹೀರುತ್ತದೆ; ಚೀಲ ಪದಾರ್ಥಕ್ಕೆ ಅಂಟಿಕೊಳ್ಳುತ್ತದೆ; ಬಳಿಕ ಕಾದ ಪಟ್ಟಿಯೊಂದು ಚೀಲದ ಬಾಯನ್ನು ಕರಗಿಸಿ ಬೆಸೆಯುತ್ತದೆ. ಎಲ್ಲ ಸೇರಿ ಒಂದು ನಿಮಿಷದ ಕೆಲಸ. ಹೀಗೆ ಮಾಡಿದರೂ ಮೊದಲಿದ್ದ ಗಾಳಿಯಲ್ಲಿ ಸುಮಾರು ಐದರಲ್ಲೊಂದು ಪಾಲು ಒಳಗೆ ಉಳಿದೇ ಉಳಿಯುತ್ತದೆ. ಅಷ್ಟರಿಂದಲೇ ಪ್ರಯೋಜನ ಉಂಟು, ಸಂದೇಹವಿಲ್ಲ. ಕೊಬ್ಬರಿ, ಕಡಲೆಕಾಯಿ ಬೀಜ, ಎಳ್ಳು, ಗೋಡಂಬಿ ಇವುಗಳ ಎಣ್ಣೆಯೊಡನೆ ಆಮ್ಲಜನಕ ಸೇರುವುದರಿಂದಲೇ ಕಮಟು ಹುಟ್ಟುವುದು. ಆಮ್ಲಜನಕ ಕಡಿಮೆಯಾದರೆ ಕಮಟೂ ತಡವಾಗುತ್ತದೆ. ಸಾರಿನಪುಡಿಯ ಪರಿಮಳ ಹಾರಿಹೋಗುವುದಿಲ್ಲ. ಮಳೆಗಾಲದ ತೇವ ಒಳಹೊಗುವುದಿಲ್ಲ. ಬೂಷ್ಟಿಗೆ ಗಾಳಿ ಬೇಕು; ಅದಕ್ಕೂ ತಡೆಯಾಗುತ್ತದೆ.

ಇನ್ನು ಅಪಾಯದ ಮಾತು. ಗಾಳಿ ತೆಗೆದ ಮಾತ್ರಕ್ಕೆ ಸೂಕ್ಷ್ಮಜೀವಿಗಳು ಸಾಯುವುದಿಲ್ಲ. ಗಾಳಿ ಬೇಕಾದವು ಸುಮ್ಮನಾಗುತ್ತವೆ. ಗಾಳಿ ಇದ್ದರೂ ಇಲ್ಲದಿದ್ದರೂ ಸರಿ ಎನ್ನುವಂಥವು ಬೆಳೆಯುತ್ತಲೇ ಇರುತ್ತವೆ. ಗಾಳಿ ಇಲ್ಲದಿದ್ದರೇ ಬೆಳೆಯುವಂಥವೂ ಉಂಟು. ಈ ಕೊನೆಯ ಗುಂಪಿನಲ್ಲಿ ಅತ್ಯಂತ ಭಯಂಕರವಾದದ್ದು ಕ್ಲಾಸ್ಟ್ರಿಡಿಯಂ ಬಾಟುಲಿನಂ. ಲ್ಯಾಟಿನ್ನಿನಲ್ಲಿ ಬಾಟುಲಸ್ ಎಂದರೆ ಮಾಂಸ ತುಂಬಿದ ಕರುಳಿನ ತಿಂಡಿ. ಜರ್ಮನ್ ದೇಶದಲ್ಲಿ ಅದನ್ನು ತಿಂದವರಿಗೆ ಬಂದ ರೋಗವಾದ್ದರಿಂದ ಆ ಹೆಸರು. 1895ರಲ್ಲಿ ಬೆಲ್ಜಿಯಂ ದೇಶದ ಎಲೆಜೆಲ್ ಎಂಬ ಹಳ್ಳಿಯಲ್ಲಿ, ಶವಸಂಸ್ಕಾರಕ್ಕೆ ವಾದ್ಯ ನುಡಿಸಲು ಬಂದ ಸಂಗೀತಗಾರರು ಕೂಡಿಟ್ಟ ಹಂದಿಮಾಂಸವನ್ನು ತಿಂದು ಕಾಯಿಲೆ ಬಿದ್ದರು, ಮೂವರು ಸತ್ತರು. ಆ ಮಾಂಸವನ್ನು ಪರೀಕ್ಷಿಸಿ ಫಾನ್ ಎರ್ಮೆಂಗೆಮ್ ಎಂಬ ವಿದ್ವಾಂಸರು ಈ ಜೀವಾಣುವನ್ನು ಕಂಡುಹಿಡಿದರು.

ಈ ಜೀವಾಣುವಿನ ಬೀಜಕಗಳು ಮಣ್ಣಿನಲ್ಲಿ ಎಲ್ಲೆಲ್ಲಿಯೂ ಇವೆ. ನಮ್ಮ ಅಡಿಗೆಯ ಕುದಿತಕ್ಕೆ ಅವು ಸಾಯುವುದಿಲ್ಲ. ಅವುಗಳನ್ನು ಕೊಲ್ಲಲು ಒತ್ತಡದಲ್ಲಿ ಸುಮಾರು 121 ಡಿಗ್ರಿ ಸೆಲ್ಷಿಯಸ್ ಶಾಖವನ್ನು ಸಾಕಷ್ಟು ಹೊತ್ತು ಕೊಡಬೇಕು. ತೇವ, ಬೆಚ್ಚಗಿನ ತಾವು, ಹುಳಿ ಕಡಿಮೆಯಿರುವ ಆಹಾರ, ಗಾಳಿಯಿಲ್ಲದ ಸ್ಥಿತಿ ಇವು ನಾಲ್ಕೂ ಕೂಡಿದರೆ ಬೀಜಕ ಮೊಳೆತು ವಿಷವನ್ನು ಕಾರುತ್ತದೆ. ಬಹಳ ಸಲ ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಿಂದವರಿಗೆ ಒಂದು ವಸ್ತು ಎರಡಾಗಿ ಕಾಣುವುದು, ರೆಪ್ಪೆ ಜೋಲುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು, ಕೊನೆಗೆ ಉಸಿರಾಟವೇ ನಿಲ್ಲುವುದು. ಇಂಥ ಚಿಹ್ನೆ ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ಮಗಳ ಚೀಲವನ್ನು ಉಬ್ಬಿಸಿದ ಜೀವಾಣು ಇದೇ ಎಂದು ನಾನು ಹೇಳುತ್ತಿಲ್ಲ, ಪರೀಕ್ಷೆ ಮಾಡಿಸಿದವರಾರು? ಬೇರೆಯದೇ ಇದ್ದೀತು. ಆದರೆ ಯಾವುದೆಂದು ತಿಂದು ತಿಳಿಯತಕ್ಕ ವಿಷಯ ಇದಲ್ಲ.

ಹಾಗಾದರೆ ಅಂಗಡಿಯ ಉಪ್ಪಿಟ್ಟು ಹೊರಗಿದ್ದೂ ಕೆಡದಿರುವುದು ಹೇಗೆ? ನಮ್ಮ ಮೈಸೂರಿನಲ್ಲಿಯೇ ಆಹಾರವನ್ನು ಕಾಪಾಡುವ ವಿದ್ಯೆಗೆಂದು ಎರಡು ದೊಡ್ಡ ಸಂಸ್ಥೆಗಳಿವೆ: 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, 1961ರಲ್ಲಿ ರಕ್ಷಣಾ ಆಹಾರ ಸಂಶೋಧನಾಲಯವೆಂಬ ಹೆಸರಿನಲ್ಲಿ ಆರಂಭವಾದ ಸಂಸ್ಥೆ. ಗಡಿಯ ಯೋಧರಿಗೆ ಕಳುಹಿಸುವ ಸಿದ್ಧ ಊಟದ ಚೀಲಗಳ ಮೇಲೆ ಈ ಎರಡನೆಯ ಸಂಸ್ಥೆ ಬಹಳ ಕೆಲಸ ಮಾಡಿದೆ. ಅಂಥ ಚೀಲವನ್ನು ಮುಚ್ಚಿದ ಮೇಲೆ, ಅದು ಮುಚ್ಚಿದ್ದಂತೆಯೇ, ದೊಡ್ಡ ಒತ್ತಡದ ಪಾತ್ರೆಯಲ್ಲಿಟ್ಟು ಮೇಲೆ ಹೇಳಿದ ಶಾಖವನ್ನು ಕೊಡುತ್ತಾರೆ. ಅದು ಉಳಿಯುವುದು ಆ ಶಾಖದಿಂದ, ಗಾಳಿ ತೆಗೆದದ್ದರಿಂದಲ್ಲ. ಈ ವ್ಯತ್ಯಾಸವನ್ನು ತಿಳಿಯದೆ ನಾವು ಎಡವಿದೆವು. ಓದುಗರಾದರೂ ಎಡವಬಾರದು.

ಆದಕಾರಣ ಸೂತ್ರ ಇಷ್ಟು: ಒಣಗಿದ್ದು ಹೊರಗೆ, ತೇವವಿದ್ದದ್ದು ತಂಪಿನಲ್ಲಿ. ಬೇಯಿಸಿದ ಪದಾರ್ಥವನ್ನು ಬೇಗ ಆರಿಸಿ, ಎರಡು ಗಂಟೆಯೊಳಗೆ ಗಾಳಿ ತೆಗೆದು ಫ್ರಿಜ್ಜಿಗೆ ಸೇರಿಸಬೇಕು. ಅಲ್ಲಿಯೂ ಹೆಚ್ಚು ದಿನ ಇಡಬಾರದು. ಹೆಚ್ಚು ದಿನ ಇರಬೇಕಾದದ್ದಕ್ಕೆ ಮೈನಸ್ 18 ಡಿಗ್ರಿಯ ಹಿಮದ ಪೆಟ್ಟಿಗೆಯೇ ಗತಿ. ಹಸಿ ಬೆಳ್ಳುಳ್ಳಿ, ಎಣ್ಣೆಯಲ್ಲಿ ನೆನೆಸಿದ ಬೆಳ್ಳುಳ್ಳಿ, ಅಣಬೆ ಇವನ್ನು ಗಾಳಿ ತೆಗೆದು ಕಟ್ಟಲೇಬಾರದು. ದೋಸೆಯ ಹಿಟ್ಟು ಹುದುಗಿ ಚೀಲವನ್ನು ಒಡೆಯುತ್ತದೆ. ಹಸಿ ಎಲೆಕೋಸು, ಹೂಕೋಸು ತಾವೇ ಅನಿಲ ಬಿಡುತ್ತವೆ. ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಆರಿಸಿ, ಒರೆಸಿ ಕಟ್ಟಿ ಹಿಮದಲ್ಲಿಡಬೇಕು. ಕರಾವಳಿಯವರು ಮೀನನ್ನು ಹೀಗೆ ಕಟ್ಟಿ ಹಿಮಗಟ್ಟಿಸಿದ್ದರೆ, ಕರಗಿಸುವಾಗ ಮೊದಲು ಚೀಲದ ಬಾಯಿ ಕತ್ತರಿಸಿ, ಫ್ರಿಜ್ಜಿನೊಳಗೇ ಕರಗಿಸಬೇಕು. ಮೀನಿನಲ್ಲಿ ಬರುವ ಬಾಟುಲಿನಂ ತಂಪಿನಲ್ಲಿಯೂ ನಿಧಾನವಾಗಿ ಬೆಳೆಯಬಲ್ಲದು.

ಚೀಲ ಉಬ್ಬಿದರೆ ಬಿಸಾಡಬೇಕೆಂಬ ನಿಯಮಕ್ಕೆ ಒಂದೇ ಒಂದು ವಿನಾಯಿತಿ. ಹೊಸದಾಗಿ ಹುರಿದ ಕಾಫಿ ಬೀಜ ಕೆಲವು ದಿನ ಇಂಗಾಲದ ಡೈಆಕ್ಸೈಡನ್ನು ಬಿಡುತ್ತಿರುತ್ತದೆ. ಅದರ ಚೀಲ ಉಬ್ಬುವುದು ಕೆಟ್ಟದ್ದರಿಂದಲ್ಲ. ಕೆಲವು ದಿನ ತಡೆದು ಕಟ್ಟಿದರೆ ಆ ತೊಂದರೆಯೂ ಇಲ್ಲ.

ಇನ್ನು ಯಂತ್ರವನ್ನು ಆರಿಸುವ ಬಗೆ. ಇದರಲ್ಲಿ ಎರಡು ಜಾತಿ. ಒಂದು, ಚೀಲದ ಬಾಯಿ ಮಾತ್ರ ಯಂತ್ರದೊಳಗಿದ್ದು ಚೀಲ ಹೊರಗಿರುವುದು. ಇನ್ನೊಂದು, ಚೀಲವನ್ನೇ ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆಯ ಗಾಳಿಯನ್ನೆಲ್ಲ ತೆಗೆಯುವುದು. ಎರಡನೆಯದರಲ್ಲಿ ಸಾರು, ಗೊಜ್ಜುಗಳಂಥ ದ್ರವವನ್ನೂ ಕಟ್ಟಬಹುದು. ಒಳಗೂ ಹೊರಗೂ ಒತ್ತಡ ಸಮವಾಗಿರುವುದರಿಂದ ದ್ರವ ಚೀಲದಿಂದ ಎದ್ದು ಬರುವುದಿಲ್ಲ. ಆದರೆ ಅದು ಭಾರ, ಬೆಲೆ ಹಲವು ಪಟ್ಟು, ಇಡಲು ಜಾಗವೂ ಬೇಕು. ಹೋಟೆಲಿನವರಿಗೆ, ಉಪ್ಪಿನಕಾಯಿ ಪುಡಿ ಮಾರುವ ಮಹಿಳಾ ಸಂಘಗಳಿಗೆ ಅದು ತಕ್ಕದ್ದು. ಸಾಮಾನ್ಯ ಸಂಸಾರಕ್ಕೆ ಮೊದಲನೆಯದೇ ಸಾಕು. ಅದರಲ್ಲಿ ದ್ರವ ಕಟ್ಟಬೇಕಾದರೆ ಬಟ್ಟಲಿನಲ್ಲಿ ಹಿಮಗಟ್ಟಿಸಿ, ಗಡ್ಡೆಯಾದ ಮೇಲೆ ಕಟ್ಟಿ, ಮತ್ತೆ ಹಿಮಕ್ಕೇ ಸೇರಿಸಬೇಕು.

ಮೊದಲನೆಯ ಜಾತಿಯದನ್ನು ಕೊಳ್ಳುವವರು ಯಂತ್ರಕ್ಕಿಂತ ಮುಂಚೆ ಚೀಲವನ್ನು ವಿಚಾರಿಸಬೇಕು. ಇದಕ್ಕೆ ನಯವಾದ ಚೀಲ ನಡೆಯದು. ಒಳಮೈಯಲ್ಲಿ ಉಬ್ಬುಗೆರೆಗಳಿರುವ ಚೀಲ ಬೇಕು. ಆ ಗೆರೆಗಳ ನಡುವಣ ಕಾಲುವೆಗಳಲ್ಲಿಯೇ ಗಾಳಿ ಹರಿದು ಹೊರಬರುವುದು. ಇದನ್ನರಿಯದೆ ನಾನು ಅಗ್ಗವೆಂದು ನಯವಾದ ಚೀಲ ನೂರು ತಂದು, ಒಂದೂ ಕೆಲಸಕ್ಕೆ ಬಾರದೆ ಪೆಚ್ಚಾದೆ. ಸಾಧಾರಣ ಪಾಲಿಥೀನ್ ಚೀಲದ ಮೈಯಲ್ಲಿ ಆಮ್ಲಜನಕ ಮೆಲ್ಲಮೆಲ್ಲನೆ ನುಸುಳುತ್ತದೆ. ಒಳ್ಳೆಯ ಚೀಲದಲ್ಲಿ ಹೊರಪದರ ನೈಲಾನ್, ಅದು ಆಮ್ಲಜನಕವನ್ನು ತಡೆಯುತ್ತದೆ. ಒಳಪದರ ಪಾಲಿಥೀನ್, ಅದು ಕರಗಿ ಬೆಸೆದುಕೊಳ್ಳುತ್ತದೆ. ಆಹಾರಕ್ಕೆ ಯೋಗ್ಯವೆಂಬ ಗುರುತು ಮೇಲೆ ಇರಬೇಕು. ಯಾವ ಕಂಪನಿಯ ಚೀಲವಾದರೂ ಹಿಡಿಸುವ ಯಂತ್ರವನ್ನೇ ಕೊಳ್ಳಿರಿ. ತನ್ನ ಚೀಲವನ್ನು ಮಾತ್ರ ಒಪ್ಪುವ ಯಂತ್ರ ಅಗ್ಗವಾಗಿ ಸಿಕ್ಕರೂ, ಆನೆ ಕೊಂಡು ಮೇವಿಗೆ ಪರದಾಡಿದಂತಾಗುತ್ತದೆ. ಬೇಕಾದ ಉದ್ದಕ್ಕೆ ಕತ್ತರಿಸಿಕೊಳ್ಳುವ ಸುರುಳಿಯ ಚೀಲ ಮಿತವ್ಯಯದ್ದು. ಒಣ ಪದಾರ್ಥ ಕಟ್ಟಿದ ಚೀಲವನ್ನು ತೊಳೆದು ಒಣಗಿಸಿ ಮತ್ತೆ ಬಳಸಬಹುದು. ಮೀನು ಮಾಂಸ ಕಟ್ಟಿದ್ದನ್ನು ಬಳಸಕೂಡದು.

ಎರಡನೆಯದು ಬೆಸುಗೆ. ಬೆಸುಗೆಯ ಗೆರೆ ಅಗಲವಾಗಿದ್ದಷ್ಟೂ ಒಳ್ಳೆಯದು. ಎರಡು ಗೆರೆ ಹಾಕುವ ಯಂತ್ರ ಇನ್ನೂ ಮೇಲು. ಬೆಸುಗೆಯ ಮೇಲೆ ಒಂದು ಮೆಣಸಿನ ಪುಡಿಯ ಕಣ ಬಿದ್ದರೂ ಗಾಳಿ ಮರಳಿ ಒಳಹೊಗುತ್ತದೆ. ಪುಡಿ ಕಟ್ಟುವಾಗ ಚೀಲದ ಬಾಯಂಚನ್ನು ಹೊರಕ್ಕೆ ಮಡಿಸಿ ತುಂಬಿ, ಪುಡಿಯ ಮೇಲೆ ಒಂದು ತೆಳುವಾದ ಕಾಗದದ ಕರವಸ್ತ್ರ ಇಟ್ಟು ಗಾಳಿ ತೆಗೆಯಬೇಕು. ಇಲ್ಲವಾದರೆ ಪಂಪು ಪುಡಿಯನ್ನೂ ಕುಡಿದು ಕೆಡುತ್ತದೆ.

ಮೂರನೆಯದು ಪಂಪಿನ ಬಲ. ಮಾರಾಟದ ಹಾಳೆಯಲ್ಲಿ 80 ಕಿಲೋಪಾಸ್ಕಲ್ ಎಂಬಂಥ ಅಂಕಿಯನ್ನು ಅಚ್ಚು ಹಾಕಿರುತ್ತಾರೆ. ಇದಕ್ಕೆ ಮರುಳಾಗಬೇಕಾಗಿಲ್ಲ. ಸಮುದ್ರದ ಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪಾಸ್ಕಲ್. ಅದರಲ್ಲಿ 80 ತೆಗೆದರೆ 21 ಉಳಿಯಿತು. ನಾನು ಹೇಳಿದ ಐದರಲ್ಲೊಂದು ಪಾಲು ಅದೇ. ಮಂಗಳೂರಿಗೆ ಈ ಲೆಕ್ಕ ಸರಿ. ಮೈಸೂರಿನ ಎತ್ತರದಲ್ಲಿ ಇರುವ ಒತ್ತಡವೇ ಸುಮಾರು 92. ಮಡಿಕೇರಿಯಲ್ಲಿ ಸುಮಾರು 88. ಅದೇ ಯಂತ್ರ ಮಡಿಕೇರಿಯಲ್ಲಿಯೂ ಐದರಲ್ಲೊಂದನ್ನು ಉಳಿಸಿದರೆ ಮಾಪಕ 70ರ ಸುಮಾರಿಗೆ ನಿಲ್ಲುತ್ತದೆ. ಅದು ಯಂತ್ರದ ದೋಷವಲ್ಲ, ಬೆಟ್ಟದ ಗುಣ. ಅಂಕಿಗಿಂತ ಮುಖ್ಯವಾದದ್ದು, ಬೇಕೆಂದಾಗ ಹೀರುವುದನ್ನು ನಿಲ್ಲಿಸಿ ಕೂಡಲೆ ಬೆಸೆಯುವ ಗುಂಡಿ ಇದೆಯೇ ಎಂಬುದು. ಅದಿಲ್ಲದಿದ್ದರೆ ಮೆತ್ತನೆಯ ಪದಾರ್ಥವೆಲ್ಲ ಅಪ್ಪಚ್ಚಿ.

ನಾಲ್ಕನೆಯದು ಬಾಳಿಕೆ. ತುಟಿಯ ರಬ್ಬರ್ ಪಟ್ಟಿ ಸವೆಯುವ ವಸ್ತು. ಬೇರೆ ಪಟ್ಟಿ ಸಿಕ್ಕುತ್ತದೆಯೇ ಎಂದು ಮೊದಲೇ ಕೇಳಿರಿ. ಸೋರಿದ ರಸ ನಿಲ್ಲುವ ತಟ್ಟೆ ಬಿಚ್ಚಿ ತೊಳೆಯುವಂತಿರಬೇಕು. ಒಂದು ಚೀಲ ಮುಗಿದ ಮೇಲೆ ಬೆಸುಗೆಯ ಪಟ್ಟಿ ಆರುವುದಕ್ಕೆ ಸ್ವಲ್ಪ ಬಿಡುವು ಬೇಕು. ಎಷ್ಟು ಹೊತ್ತು ಎಂಬುದು ಕೈಪಿಡಿಯಲ್ಲಿರುತ್ತದೆ. ಡಬ್ಬಿಗೂ ಗಾಜಿನ ಜಾಡಿಗೂ ಜೋಡಿಸುವ ಕೊಳವೆ ಇದ್ದರೆ ಇನ್ನೂ ಅನುಕೂಲ. ಹಪ್ಪಳ, ಸಂಡಿಗೆ, ಚಕ್ಕುಲಿ, ಕೋಡುಬಳೆಗಳನ್ನು ಚೀಲದಲ್ಲಿ ಕಟ್ಟಿದರೆ ಹೊರಗಿನ ಗಾಳಿಯ ಭಾರಕ್ಕೆ ಪುಡಿಪುಡಿಯಾಗುತ್ತವೆ. ಗಟ್ಟಿ ಜಾಡಿಯಲ್ಲಿ ಆ ಭಯವಿಲ್ಲ.

ತಂದ ಯಂತ್ರವನ್ನು ಪರೀಕ್ಷಿಸುವುದು ಸುಲಭ. ಒಂದು ಹಿಡಿ ಅಕ್ಕಿಯನ್ನು ಕಟ್ಟಿ ರಾತ್ರಿಯೆಲ್ಲ ಬಿಡಿರಿ. ಬೆಳಗ್ಗೆ ಚೀಲ ಇಟ್ಟಿಗೆಯ ಹಾಗೆ ಗಟ್ಟಿಯಾಗಿದ್ದರೆ ಯಂತ್ರ ಸರಿ. ಸಡಿಲವಾಗಿದ್ದರೆ ಎರಡು ಮೂರು ಚೀಲಗಳಲ್ಲಿ ಮತ್ತೆ ನೋಡಿ, ಆಗಲೂ ಹಾಗೆಯೇ ಆದರೆ ಗಡುವು ಮುಗಿಯುವ ಮುನ್ನ ಹಿಂದಿರುಗಿಸಿರಿ. ಮನೆಯ ಅಕ್ಕಿ, ರವೆಗಳಲ್ಲಿ ಹುಳುವಿನ ಮೊಟ್ಟೆ ಮೊದಲೇ ಇರಬಹುದು. ಕಟ್ಟಿದ ಚೀಲವನ್ನು ನಾಲ್ಕು ದಿನಕ್ಕೆ ಕಡಿಮೆಯಿಲ್ಲದಂತೆ ಹಿಮದ ಪೆಟ್ಟಿಗೆಯಲ್ಲಿಟ್ಟು ತೆಗೆದರೆ ಮೊಟ್ಟೆಯೂ ಸಾಯುತ್ತದೆ. ಪ್ರತಿ ಚೀಲದ ಮೇಲೆಯೂ ಪದಾರ್ಥದ ಹೆಸರು, ತಾರೀಕು ಬರೆಯಿರಿ.

ಕಡೆಯದಾಗಿ, ಎಲ್ಲರಿಗೂ ಈ ಯಂತ್ರ ಬೇಕೇ? ಬೇಡವೆಂದೇ ನನ್ನ ಅಭಿಪ್ರಾಯ. ಇಬ್ಬರೇ ಇರುವ ಮನೆ, ಹದಿನೈದು ದಿನಕ್ಕೊಮ್ಮೆ ಸಾಮಾನು ತರುವ ಮನೆ, ಕಂಠದವರೆಗೆ ತುಂಬಿದ ಬಿಗಿ ಮುಚ್ಚಳದ ಡಬ್ಬಿಯಿಂದಲೇ ನಡೆಸಬಹುದು. ತುಂಬಿದ ಡಬ್ಬಿಯಲ್ಲಿ ಗಾಳಿಗೆ ಜಾಗವೆಲ್ಲಿ? ವರ್ಷದ ಪುಡಿಗಳನ್ನು ಒಮ್ಮೆಗೇ ಮಾಡಿಡುವವರು, ತೋಟದ ಕಾಫಿ, ಗೋಡಂಬಿ, ಕೊಬ್ಬರಿಗಳನ್ನು ಕೂಡಿಡುವವರು, ಮೀನು ಮಾಂಸಗಳನ್ನು ಒಟ್ಟಿಗೆ ತಂದು ಹಿಮದಲ್ಲಿಡುವವರು, ದೂರದ ಮಕ್ಕಳಿಗೆ ಕಳುಹಿಸುವವರು, ಇವರಿಗೆ ಹಾಕಿದ ಹಣ ಕೆಲವು ವರ್ಷಗಳಲ್ಲಿ ಹಿಂದಿರುಗುತ್ತದೆ.

ನಮ್ಮ ಮನೆಯಲ್ಲಿ ಯಂತ್ರ ಈಗಲೂ ಇದೆ. ಮೊನ್ನೆ ದೆಹಲಿಗೆ ಹೊರಟ ಗಂಟಿನಲ್ಲಿ ಸಾರಿನಪುಡಿ, ಚಟ್ನಿಪುಡಿ, ಬಿಸಿಬೇಳೆಯ ಪುಡಿ, ಒಣಕೊಬ್ಬರಿ ಇದ್ದುವು. ಅನ್ನ ಬೇಳೆಗಳನ್ನು ಮಗಳು ಅಲ್ಲಿಯೇ ಬೇಯಿಸಿಕೊಳ್ಳುತ್ತಾಳೆ. ದಾರಿಯ ಊಟಕ್ಕೆ ಮನೆಯವರು ಮೊದಲ ಮಧ್ಯಾಹ್ನಕ್ಕಾಗುವಷ್ಟು ಮೊಸರನ್ನವನ್ನು ಹಿಂದಿನವರಂತೆ ಡಬ್ಬಿಯಲ್ಲಿ ಹಾಕಿಕೊಟ್ಟು, “ಮಧ್ಯಾಹ್ನ ದಾಟಿದರೆ ಚೆಲ್ಲಿಬಿಡಮ್ಮ, ನನಗೇನೂ ಬೇಜಾರಿಲ್ಲ” ಎಂದರು.